ಕಾಶೆಪ್ಪನ ಬಗ್ಗುಗಾಲಿನ ಸ್ಟ್ಯಾಂಡು

ಕಾಶೆಪ್ಪನ ಕೊರಳಲ್ಲಿ ಸದಾ ಒಂದು ಸ್ಟ್ಯಾಂಡು ಜೋತುಬಿದ್ದಿರುತ್ತಿತ್ತು. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸಣ್ಣ ಸ್ಟ್ಯಾಂಡು. ಕಾಲುಗಳು ರುದ್ರಾಕ್ಷಿ ಸರದ ಹಾಗೆ ಗುಂಡುಗುಂಡು. ಬೇಕಾದಂತೆ ಬಗ್ಗುತ್ತಿದ್ದವು, ಸಿಕ್ಕಿದ್ದಕ್ಕೆ ಸುತ್ತಿಕೊಳ್ಳುತ್ತಿದ್ದವು.

"ಇದಕ್ಕ ನೆಲಾನೇ ಬ್ಯಾಡ್ರಿ ಕಾಕಾ. ಅಪ್ಪಿಕೊಳ್ಳಾಕ ಏನರ ಸಿಕ್ರ ಸಾಕು," ಎನ್ನುತ್ತಿದ್ದ.

ನಾರಾಯಣಖೇಡದಲ್ಲಿ ನಮ್ಮ ಓಣಿಯ ತುದಿಗೆ ಅವನ ಸ್ಟುಡಿಯೊ. ಸುತ್ತಲಿನ ಹಳ್ಳಿಗಳ ಮದುವೆ, ತೊಟ್ಟಿಲು, ಸಾವು ಎಲ್ಲಕ್ಕೂ ಅವನೇ. ನಾನು ರೈಲ್ವೆಯಲ್ಲಿ ದುಡಿದವನು. ಹೊತ್ತಿಗೆ ಸರಿಯಾಗಿ ಬರುವವರೆಂದರೆ ನನಗೆ ಇಷ್ಟ. ಕಾಶೆಪ್ಪ ಹೊತ್ತಿಗೆ ಮೊದಲೇ ಬರುತ್ತಿದ್ದ. ಬಾಯಿಗೆ ಮಾತ್ರ ಬಿಡುವಿರಲಿಲ್ಲ. "ಅಕ್ಕಾ, ಸೆರಗು ಸರಿ ಮಾಡ್ಕೊ. ಮಾಮಾ, ಹಲ್ಲು ಕಾಣ್ಲಿ, ಹೆಂಗೂ ನಾಕೇ ಉಳದಾವ."

ಸಿರ್ಗಾಪುರದ ಒಂದು ಕುರುಬರ ಮನೆಯಲ್ಲಿ ಸ್ಟ್ಯಾಂಡನ್ನು ತೊಟ್ಟಿಲ ಸರಪಳಿಗೇ ಸುತ್ತಿದ. ವಿಡಿಯೊದಲ್ಲಿ ಕೂಸು ಅಲುಗದೆ ಮಲಗಿತ್ತು, ಸುತ್ತಲಿನವರೆಲ್ಲ ತೂಗಾಡುತ್ತಿದ್ದರು. "ತಲಿ ತಿರಗತದಲ್ಲೋ!" ಎಂದು ಅಜ್ಜಿ ಬೈದಳು. "ಕೂಸಿಗೆ ಹಿಂಗೇ ಕಾಣಸತದ ಅಜ್ಜಿ," ಎಂದ.

ನಮ್ಮ ಅಣ್ಣ ತೀರಿಕೊಂಡಾಗಲೂ ಅವನನ್ನೇ ಕರೆಸಿದೆ. ನಮ್ಮಲ್ಲಿ ತೀರಿದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಬಳಿದು, ರುಮಾಲು ಸುತ್ತಿ, ಮಾಲೆ ಹಾಕುತ್ತೇವೆ. ಮನೆಯವರು ಎರಡೂ ಕಡೆ ಕೂತು ಕೊನೆಯ ಫೋಟೊ, ವಿಡಿಯೊ ತೆಗೆಸಿಕೊಳ್ಳುತ್ತೇವೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಶೆಪ್ಪ ಸ್ಟ್ಯಾಂಡನ್ನು ಎದುರಿನ ಕಂಬಕ್ಕೆ ಎತ್ತರದಲ್ಲಿ ಸುತ್ತಿ, ತಾನು ಬಾಗಿಲಾಚೆ ನಿಂತು, ಕ್ಯಾಮೆರಾಕ್ಕೆ ಕಂಡದ್ದನ್ನು ಕೈಯಲ್ಲಿದ್ದ ಫೋನಿನಲ್ಲೇ ನೋಡುತ್ತಿದ್ದ. ಅಲ್ಲಿ ಅವನಿಗೆ ಕಂಡದ್ದು, ಮಾಲೆ ಹಾಕಿಸಿಕೊಂಡು ನಡುವೆ ಕೂತ ಒಬ್ಬ ಹಿರಿಯ. ಬಾಯಿ ರೂಢಿಯ ದಾರಿ ಹಿಡಿಯಿತು.

"ನಡುವಿನ ಅಜ್ಜಾರು, ಕಣ್ಣು ತೆರೀರಿ!"

ಪಕ್ಕದಲ್ಲಿದ್ದ ವೈನಿ, ಅಣ್ಣನ ಹೆಂಡತಿ, ತಟ್ಟನೆ ತಲೆಯೆತ್ತಿ ಅಣ್ಣನ ಮುಖ ನೋಡಿದರು. ನನಗೋ ನಗು ಉಕ್ಕಿತು. ಹಲ್ಲು ಕಚ್ಚಿದೆ. ಟವೆಲ್ಲು ಮುಖಕ್ಕೆ ಒತ್ತಿಕೊಂಡರೂ ದನಿ ಹೊರಬಿತ್ತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಅಣ್ಣನ ಮಗ ಬಾಗಿಲಿಗೆ ಹಾರಿ ಕಾಶೆಪ್ಪನ ಅಂಗಿ ಹಿಡಿದ.

"ನಮ್ಮಪ್ಪನ ಹೆಣದ ಮುಂದ ನಗ್ತೀಯೇನೋ?"

ಕಾಶೆಪ್ಪ ನನ್ನ ಕಡೆ ನೋಡಿದ. ನನ್ನ ಹೆಗಲು ಇನ್ನೂ ಕುಲುಕುತ್ತಿತ್ತು. ಯಾರೋ ಬೆನ್ನು ಸವರುತ್ತ, "ಸಮಾಧಾನ ಮಾಡ್ಕೊರಿ," ಎನ್ನುತ್ತಿದ್ದರು.

"ತಪ್ಪಾತ್ರಿ," ಎಂದ ಕಾಶೆಪ್ಪ.

ನಾನು ಟವೆಲ್ಲು ತೆಗೆಯಲಿಲ್ಲ.

ಹೆಣದ ಮುಂದೆ ನಕ್ಕವನೆಂಬ ಹೆಸರು ಸುತ್ತಲಿನ ಹಳ್ಳಿ ದಾಟಿ ನಾಗಲಗಿದ್ದದವರೆಗೂ ಹೋಯಿತು. ಶುಭಕ್ಕೂ ಅಶುಭಕ್ಕೂ ಅವನನ್ನು ಕರೆಯುವುದು ನಿಂತಿತು. ವಿಡಿಯೊ ತರಲು ನಾನು ಹೋದಾಗ ಸ್ಟುಡಿಯೊದ ಪರದೆಗಳನ್ನೆಲ್ಲ ಬಿಚ್ಚಿ ಗಂಟು ಕಟ್ಟಿದ್ದ. ತಾಂಡೂರಿನಲ್ಲಿ ಹೆಂಡತಿಯ ತಮ್ಮನ ಅಂಗಡಿಗೆ ಹೊರಟಿದ್ದನಂತೆ. ಪೆನ್‌ಡ್ರೈವ್ ಕೈಗಿಟ್ಟ.

"ನನ್ನ ಮಾತು ಹಂಗೇ ಬಿಟ್ಟೀನ್ರಿ ಕಾಕಾ. ನಿಮ್ಮ ವೈನಿ ತಲಿ ಎತ್ತಿ ನೋಡ್ಯಾರಲ್ರಿ, ಅದನ್ನ ಕತ್ತರಸಾಕ ಕೈ ಬರಲಿಲ್ಲ. ನಿಮ್ಮ ನಗಿ ದನಿ ಅಷ್ಟೇ ತೆಗದೀನಿ."

"ಯಾಕೋ?"

"ಮನ್ಯಾಗ ಈಗ ನೀವೇ ದೊಡ್ಡೋರು. ಹುಡುಗ್ರು ನಿಮ್ಮ ಮಾತು ಕೇಳಬೇಕಲ್ರಿ."

ಅಣ್ಣನ ಮಗನಿಗೆ ನಿಜ ಹೇಳುತ್ತೇನೆ, ನೀನು ಊರು ಬಿಡಬೇಡ ಎಂಬ ಮಾತು ಗಂಟಲವರೆಗೆ ಬಂತು. "ತಾಂಡೂರಿಗೆ ಯಾವ ಬಸ್ಸಿಗೆ ಹೋಗ್ತಿ?" ಎಂದು ಕೇಳಿದೆ.

"ಸಿಕ್ಕ ಬಸ್ಸಿಗ್ರಿ," ಎಂದ.

ಮತ್ತೆ ಅವನನ್ನು ನೋಡಿಲ್ಲ. ಅಣ್ಣನ ಪುಣ್ಯತಿಥಿಗೆ ಮನೆಯವರು ಆ ವಿಡಿಯೊ ಹಾಕುತ್ತಾರೆ. ಅದರಲ್ಲಿ ನಾನು ಟವೆಲ್ಲಿನಲ್ಲಿ ಮುಖ ಹುದುಗಿಸಿ, ದನಿಯಿಲ್ಲದೆ ಮೈಯೆಲ್ಲ ಕುಲುಕುತ್ತ ಕೂತಿದ್ದೇನೆ. ಅಣ್ಣನ ಮಗ ತನ್ನ ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಾನೆ:

"ನಮ್ಮ ಕಾಕಾ ಎಷ್ಟ್ ಅತ್ತಾರ ನೋಡ್ರೋ."