ಸಂಬಳಕ್ಕೆ ನರಳುವವನು

ವೈದ್ಯಕೀಯ ಕಾಲೇಜಿನಲ್ಲಿ ಅವನ ಕೆಲಸ ಕಾಯಿಲೆ ಬೀಳುವುದು. ಮುಂದೆ ಡಾಕ್ಟರಾಗುವ ಮಕ್ಕಳು ರೋಗ ಪತ್ತೆ ಮಾಡುವುದನ್ನು ಕಲಿಯಬೇಕಲ್ಲ, ಅದಕ್ಕೆ ಮಂಚದ ಮೇಲೆ ಮಲಗಿ, ಹೇಳಿಕೊಟ್ಟ ಹಾಗೆ ನರಳುವ ಆಳು ಬೇಕು. ಓದು ತಲೆಗೆ ಹತ್ತದ, ನಾಟಕದ ಹುಚ್ಚು ಬಿಡದ ಅವನಿಗೆ ಹೇಳಿ ಮಾಡಿಸಿದ ನೌಕರಿ. ಹೊಟ್ಟೆ, ಪಿತ್ತಕೋಶ, ಲಿವರ್ ಅವನ ಪಾಲಿನವು. ಬೆಳಗ್ಗೆ ಹುಣ್ಣು, ಮಧ್ಯಾಹ್ನ ಕಾಮಾಲೆ. "ನನ್ನ ಮಗ ಆಸ್ಪತ್ರೇಲಿದಾನೆ" ಎಂದು ಅಮ್ಮ ಹೆಮ್ಮೆಯಿಂದ ಹೇಳಿಕೊಂಡರೆ, ಕೇಳಿದವರು ಹಣ್ಣು ಹಿಡಿದು ನೋಡಲು ಬರುತ್ತಿದ್ದರು.

ಆ ದಿನ ಪರೀಕ್ಷೆ. ಅವನಿಗೆ ಕೊಟ್ಟಿದ್ದು ಆಸಿಡಿಟಿ: ಎದೆಯ ಕೆಳಗೆ ನಟ್ಟನಡುವೆ ಉರಿ, ಏನಾದರೂ ತಿಂದರೆ ಸ್ವಲ್ಪ ಹಿತ. ತನ್ನಂಥವನಿಗೆ ಇಂಥ ಚಿಲ್ಲರೆ ಪಾತ್ರವೇ ಎಂದು ಮುನಿಸಿಕೊಂಡು, ಆ ಮುನಿಸಿನಲ್ಲೇ ಕ್ಯಾಂಟೀನಿನಲ್ಲಿ ಕರಿದದ್ದನ್ನೆಲ್ಲ ಹೊಟ್ಟೆ ಬಿರಿಯುವಂತೆ ಕತ್ತರಿಸಿ ಬಂದಿದ್ದ. ಮಂಚ ಹತ್ತಿದ್ದೇ ತಡ, ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹಿಡಿದು ಹಿಂಡಿದಂತಾಯಿತು. ನೋವು ಹೆಗಲಿಗೂ ಏರಿತು.

"ಸರ್, ನಿಜವಾಗ್ಲೂ ನೋಯ್ತಾ ಇದೆ" ಎಂದ, ಮಗ್ಗುಲಲ್ಲಿ ಕೂತಿದ್ದ ಪರೀಕ್ಷಕರಿಗೆ.

"ಹಂಗೇ ಅನ್ಬೇಕು. ಆದ್ರೆ ಕೈ ಇಟ್ಟಿರೋ ಜಾಗ ತಪ್ಪು. ನಡುವೆ ಇಡಪ್ಪ."

"ನಾನೇನು ಮಾಡ್ಲಿ ಸರ್, ಇಲ್ಲೇ ನೋಯ್ತಿದೆ."

"ಮೊನ್ನೆ ಎಷ್ಟು ಚೆನ್ನಾಗಿ ನರಳಿದ್ದೆ. ಇವತ್ತು ಮುಖದಲ್ಲಿ ಭಾವನೇ ಇಲ್ವಲ್ಲೋ."

ಅದೂ ನಿಜವೇ. ನೋವು ನಿಜವಾದಾಗ ನರಳಲು ಉಸಿರೇ ಉಳಿಯುವುದಿಲ್ಲ ಎಂಬುದು ಈ ಮಹಾನಟನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಳಗಿರುವುದು ಆಸಿಡಿಟಿ ಎಂಬ ಗುಟ್ಟು ಹೊರಗೆ ವರಾಂಡದಲ್ಲಿ ಆಗಲೇ ರಟ್ಟಾಗಿತ್ತು. ಮೊದಲು ಬಂದ ಹುಡುಗ ಕೇಳಿದ, "ತಿಂದ್ರೆ ಕಡಿಮೆ ಆಗುತ್ತಾ?"

"ಇಲ್ಲಪ್ಪ, ತಿಂದ್ಮೇಲೇ ಶುರುವಾಗಿದ್ದು."

"ಆಗುತ್ತೆ ಅಂದ್ಬಿಡಿ ಅಣ್ಣ, ನನ್ನ ಮಾರ್ಕ್ಸ್ ಹೋಗುತ್ತೆ" ಎಂದು ಹುಡುಗ ಕೈ ಹಿಡಿದು ಗೋಗರೆದ.

ಆಮೇಲೆ ಬಂದವರೂ ಬೆರಳು ತಾಗಿಸದೆ, ಟೀ ಕಾಫಿ ಬಿಡಿ ಎಂದು ಬುದ್ಧಿ ಹೇಳಿ ಹೋದರು. ಬೆವರಿಗೆ ದಿಂಬು ಒದ್ದೆಯಾಯಿತು. ಹೀಗೇ ಎಲ್ಲರನ್ನೂ ಪಾಸು ಮಾಡಿಸುತ್ತ ಸತ್ತೇ ಹೋಗುತ್ತೇನೇನೋ ಎಂದುಕೊಂಡ.

ಕಡೆಗೆ ಯಾರ ಜೊತೆಗೂ ಸೇರದ ಒಬ್ಬಳು ಬಂದಳು. ವರಾಂಡದ ಸುದ್ದಿ ಅವಳ ಕಿವಿಗೆ ಬಿದ್ದಿರಲಿಲ್ಲ. ಹಾಗಾಗಿ, ಪಾಪ, ರೋಗಿಯನ್ನು ಮುಟ್ಟಿ ನೋಡಬೇಕಾಯಿತು. ಬಲ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ, "ಉಸಿರು ಎಳ್ಕೊಳ್ಳಿ ಅಣ್ಣ" ಎಂದಳು. ಎಳೆದ ಉಸಿರು ಅರ್ಧಕ್ಕೇ ನಿಂತಿತು.

"ಸರ್, ಇದು ಪಿತ್ತಕೋಶದ ಕಲ್ಲು. ಊತಾನೂ ಇರ್ಬೇಕು. ಸ್ಕ್ಯಾನ್ ಮಾಡಿಸೋಣ."

"ತಪ್ಪು. ಆಸಿಡಿಟಿ."

"ಮೈ ಸುಡ್ತಾ ಇದೆ ಸರ್."

"ಪಳಗಿದ ಕಲಾವಿದ ಅಮ್ಮ ಅವನು. ಜ್ವರಾನೂ ತರಿಸ್ಕೋತಾನೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಉಬ್ಬಿಹೋಗುತ್ತಿದ್ದ. ಈಗ ಅಲ್ಲ ಎನ್ನಲು ಬಾಯಿ ತೆರೆದರೆ, ಮಾತಿನ ಬದಲು ಕ್ಯಾಂಟೀನಿನ ತಿಂಡಿ ಹೊರಬಂದು ಪರೀಕ್ಷಕರ ಬೂಟುಗಳ ಮೇಲೆ ಬಿತ್ತು.

"ಇದನ್ನ ಹೇಳ್ಕೊಟ್ಟಿರ್ಲಿಲ್ಲ" ಎಂದರು ಅವರು, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಅವಳು ಗಾಲಿಕುರ್ಚಿ ತಂದಾಗಿತ್ತು. "ಸೊನ್ನೆ ಆಮೇಲೆ ಹಾಕಿ ಸರ್. ಈಗ ಬಾಗಿಲು ಹಿಡ್ಕೊಳ್ಳಿ."

ಪರೀಕ್ಷಕರು ಬಾಗಿಲು ಹಿಡಿದುಕೊಂಡರು.

ಸ್ಕ್ಯಾನಿನಲ್ಲಿ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು, ಬಸ್ಸಿನಲ್ಲಿ ಸೀಟು ಹಿಡಿದವರಂತೆ ಕೂತಿದ್ದವು. ಆಪರೇಷನ್ ಎಂದು ಹೇಳಿ ಅವನನ್ನು ವಾರ್ಡಿಗೆ ಹಾಕಿದರು.

"ನೋವಿದೆಯಾ?" ಎಂದಳು ನರ್ಸಮ್ಮ.

"ಇದೆ" ಎಂದ, ಉಸಿರು ಸಿಕ್ಕಷ್ಟೇ ದನಿಯಲ್ಲಿ.

"ಅಷ್ಟೇನಿಲ್ಲ ಅನ್ಸುತ್ತೆ" ಎಂದು ಆಕೆ ಪಕ್ಕದ ಹಾಸಿಗೆಯ ಕಡೆ ಹೊರಟಳು. ಅಲ್ಲಿದ್ದ ಭೂಪ ಸೂರು ಹಾರಿಹೋಗುವಂತೆ ಅರಚುತ್ತಿದ್ದ.

ಸುಮ್ಮನಿದ್ದರೆ ಕೆಟ್ಟೆ ಎನಿಸಿತು. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಕಾಲು ಮಡಚಿ, ಕಣ್ಣು ಮೇಲಕ್ಕೆ ಹೊರಳಿಸಿ, ಹೊಟ್ಟೆಯ ಹುಣ್ಣು ಒಡೆದವನ ಪಾತ್ರಕ್ಕೆಂದು ಪಳಗಿಸಿಟ್ಟಿದ್ದ ನರಳಾಟವನ್ನು ಹೊರತೆಗೆದ. ನರ್ಸಮ್ಮ ಗಾಬರಿಬಿದ್ದು ಓಡಿ ಬಂದು ಇಂಜೆಕ್ಷನ್ ಚುಚ್ಚಿದಳು.