ಅಳೆಯದೆ ಬಿಟ್ಟ ಒಂಬತ್ತು ಇಂಚು

ನಮ್ಮ ಭಾವ ಏನು ಕೆಲಸ ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟೇ ಬರುತ್ತದೆ. ಹೇಳಿದರೆ ನಂಬುವುದಿಲ್ಲ, ಹೇಳದಿದ್ದರೆ ಬಿಡುವುದಿಲ್ಲ. ಭಾವ ದಾರಿ ಅಳೆಯುತ್ತಾರೆ. ಕ್ರೇನು, ದೊಡ್ಡ ಟ್ರೇಲರುಗಳನ್ನು ಬಾಡಿಗೆಗೆ ಕೊಡುವ ಕಂಪನಿಯಲ್ಲಿ ನಮ್ಮಿಬ್ಬರಿಗೂ ಕೆಲಸ. ಬಾಯ್ಲರ್, ಟ್ರಾನ್ಸ್‌ಫಾರ್ಮರ್ ಅಂತ ಮನೆಯಷ್ಟು ದೊಡ್ಡ ಸಾಮಾನು ಹೊರಡುವ ಮುಂಚೆ ಭಾವ ಒಂದು ಉದ್ದನೆಯ ಕೋಲು, ಒಂದು ಟೇಪು ಹಿಡಿದು ದಾರಿಯುದ್ದಕ್ಕೂ ನಡೆಯಬೇಕು. ತಂತಿ ಎಷ್ಟು ಎತ್ತರದಲ್ಲಿದೆ, ಮೋರಿ ಎಷ್ಟು ಭಾರ ತಡೆಯುತ್ತದೆ, ಯಾರ ಮನೆ ಮೆಟ್ಟಿಲು ಎಷ್ಟು ಮುಂದೆ ಬಂದಿದೆ, ಎಲ್ಲ ಬರೆದು ತರಬೇಕು. ಲೋಡು ಹೊರಟ ದಿನ ಡ್ರೈವರನ ಮುಖ ನೋಡುತ್ತಾ ಅದರ ಮುಂದೆ ಹಿಮ್ಮುಖವಾಗಿ ನಡೆಯಬೇಕು. ಇಪ್ಪತ್ತೆಂಟು ವರ್ಷ ಹೀಗೆ ನಡೆದು ಅಭ್ಯಾಸವಾಗಿ, ಅಕ್ಕನ ಜೊತೆ ಅಂಗಡಿಗೆ ಹೊರಟರೂ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ಹಿಂದುಹಿಂದಕ್ಕೆ ನಡೆಯುತ್ತಿದ್ದರು.

ಎಲ್ಲರೂ ಅವರನ್ನು ಇಂಚಪ್ಪ ಅನ್ನುತ್ತಿದ್ದರು. ಅನ್ನದೆ ಇನ್ನೇನು? ಒಮ್ಮೆ ಸಾವಿನ ಮನೆಗೆ ಹೋದಾಗ, ಎಲ್ಲರೂ ಅಳುತ್ತಿರುವಾಗ, ಈ ಮನುಷ್ಯ ಚಟ್ಟವನ್ನೂ ಬಾಗಿಲನ್ನೂ ನೋಡಿ, "ಹೋಗುತ್ತೆ, ಹೆದರಬೇಡಿ, ಮೂರಿಂಚು ಮಿಗುತ್ತೆ" ಅಂದುಬಿಟ್ಟರು. ಅಕ್ಕ ನಾಚಿಕೆಯಿಂದ ಭೂಮಿಗಿಳಿದುಹೋದಳು. ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಅವರು ಅಳೆದ ದಾರಿಯಲ್ಲಿ ಒಂದೇ ಒಂದು ಲೋಡು ಸಿಕ್ಕಿಹಾಕಿಕೊಂಡಿರಲಿಲ್ಲ. ಮರುವರ್ಷ ನಿವೃತ್ತಿ. ಆ ಹೆಸರನ್ನು ಕೆಡಿಸಿಕೊಳ್ಳದೆ ಮನೆ ಸೇರಿದರೆ ಸಾಕು ಅನ್ನುತ್ತಿದ್ದರು.

ಕೊನೆಗೆ ಆ ಹೆಸರು ಕೆಟ್ಟಿದ್ದು ಮನೆಯ ಮುಂದೆಯೇ.

ಒಂದು ಕಾರ್ಖಾನೆಗೆ ಇನ್ನೂರು ಟನ್ನಿನ ಟ್ರಾನ್ಸ್‌ಫಾರ್ಮರ್ ಹೋಗಬೇಕಿತ್ತು. ದಾರಿ ಅಕ್ಕನ ಮನೆಯ ತಿರುವಿನಲ್ಲೇ ಹಾದು ಹೋಗುತ್ತಿತ್ತು. ತಿರುಗುವಾಗ ಲೋಡಿನ ಹಿಂಭಾಗ ರಸ್ತೆ ಬಿಟ್ಟು ಅಂಗಳದ ಮೇಲೆ ಬೀಸಿಕೊಂಡು ಬರುತ್ತದೆ. ಭಾವನ ವರದಿಯ ಪ್ರಕಾರ ಮನೆ ಗೋಡೆಗೆ ತಾಗದೆ ನಾಲ್ಕು ಇಂಚು ಮಿಗಬೇಕಿತ್ತು. ವರದಿಯನ್ನು ಫೈಲಿಗೆ ಹಾಕಿದವಳು ನಾನೇ. ಆಫೀಸಿನಲ್ಲಿ ಫೋನು ಎತ್ತುವುದು, ಫೈಲು ಕಟ್ಟುವುದು ನನ್ನ ಕೆಲಸ. ಓದಲಿಲ್ಲ. ಇಂಚಪ್ಪನ ವರದಿಯನ್ನು ಯಾರಾದರೂ ಓದುತ್ತಾರೆಯೇ?

ಭಾನುವಾರ ಬೆಳಿಗ್ಗೆ ತೊಂಬತ್ತಾರು ಚಕ್ರದ ಟ್ರೇಲರ್ ಆಮೆಯ ಹಾಗೆ ತಿರುವಿಗೆ ಬಂತು. ಭಾವ ಕೈಯಾಡಿಸುತ್ತಾ ಹಿಮ್ಮುಖ ನಡೆಯುತ್ತಿದ್ದರು. ಇದ್ದಕ್ಕಿದ್ದಂತೆ ಎರಡೂ ಕೈ ಮೇಲೆತ್ತಿ ನಿಲ್ಲಿಸಿದರು. ಟ್ರಾನ್ಸ್‌ಫಾರ್ಮರಿನ ಮೂಲೆ ಅಕ್ಕನ ಅಡುಗೆಮನೆ ಗೋಡೆಗೆ ಮುತ್ತು ಕೊಡುವಷ್ಟು ಹತ್ತಿರ ನಿಂತಿತ್ತು. ಟೇಪು ಹಿಡಿದರು. ಇನ್ನೊಮ್ಮೆ ಹಿಡಿದರು. ಇನ್ನೂ ಐದು ಇಂಚು ಜಾಗ ಬೇಕಿತ್ತು.

"ಗೋಡೆ ಮುಂದೆ ಬಂದಿದೆ!" ಅಂತ ಕೂಗಿದರು.

"ಗೋಡೆಗೆ ಕಾಲು ಬಂತಾ ಭಾವ?" ಅಂದೆ. ಕೇಳಿದ ಮೇಲೆ ನೆನಪಾಯಿತು. ಗೋಡೆ ಮುಂದೆ ಬಂದಿದ್ದು ನನಗೆ ಗೊತ್ತಿತ್ತು. ಅದನ್ನು ಕಟ್ಟುವಾಗ ಮೇಸ್ತ್ರಿಯ ಅಳತೆ ದಾರದ ಇನ್ನೊಂದು ತುದಿ ಹಿಡಿದು ನಿಂತವಳೇ ನಾನು.

ಆರು ವರ್ಷದ ಹಿಂದೆ ಭಾವ ಒಂದು ಲೋಡಿನ ಜೊತೆ ಎರಡು ತಿಂಗಳು ಹೋಗಿದ್ದಾಗ ಅಕ್ಕ ಅಡುಗೆಮನೆ ಗೋಡೆಯನ್ನು ಒಂಬತ್ತು ಇಂಚು ಆಚೆ ಕಟ್ಟಿಸಿದ್ದಳು, ತನ್ನ ಜಾಗದೊಳಗೇ. ವಾಪಸು ಬಂದ ಭಾವ ಸುತ್ತ ನೋಡಿ, "ಬಣ್ಣ ಹೊಡೆಸಿದೀಯಾ?" ಅಂದಿದ್ದರು. ಊರೆಲ್ಲ ಅಳೆದವರು ತಮ್ಮ ಮನೆಯ ಅಳತೆಯನ್ನು ಮಾತ್ರ ನೆನಪಿನಿಂದ ಬರೆದಿದ್ದರು. ನಮ್ಮ ಮನೆ ನನಗೆ ಗೊತ್ತಿಲ್ವಾ ಅನ್ನುವ ಧೈರ್ಯ!

ಹಿಂದಕ್ಕೆ ಹೋಗೋಣವೆಂದರೆ ದಾಟಿ ಬಂದ ಮೋರಿಗೆ ಹಾಸಿದ್ದ ಕಬ್ಬಿಣದ ಹಲಗೆಗಳನ್ನು ಬೇರೆ ಕೆಲಸಕ್ಕೆ ಕಳಿಸಿ ಆಗಿತ್ತು. ಬರಿಯ ಮೋರಿ ಈ ಭಾರಕ್ಕೆ ಕುಸಿಯುತ್ತದೆ. ಲೋಡು ಅಲ್ಲೇ ನಿಂತಿತು, ಮೂರು ದಿನ. ಮೊದಲ ದಿನ ಬೀದಿಯವರು ಬೈದರು. ಎರಡನೆಯ ದಿನ ಎದುರು ಮನೆಯಾಕೆ ಟ್ರೇಲರಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದಳು. ಕ್ಷೌರಿಕ ನೆರಳು ಚೆನ್ನಾಗಿದೆ ಅಂತ ಚಕ್ರಗಳ ಪಕ್ಕಕ್ಕೆ ಕುರ್ಚಿ ತಂದ. ಮೂರನೆಯ ದಿನ ಪೋಸ್ಟ್‌ಮ್ಯಾನ್ ಟ್ರಾನ್ಸ್‌ಫಾರ್ಮರಿನ ಹೆಸರಿಗೇ ಒಂದು ಕಾಗದ ತಂದುಕೊಟ್ಟ. ಕಾರ್ಖಾನೆಯವರ ನೋಟಿಸು ಅದು.

ಮಾಲೀಕರು ಬಂದು ತಲೆ ಮೇಲೆ ಕೈ ಹೊತ್ತು ಕೂತರು. "ಇಂಚಪ್ಪನವರೇ, ಎರಡು ಕ್ರೇನ್ ತರಿಸ್ತೀನಿ. ಮನೇನೇ ಎತ್ತಿ ಆ ಕಡೆ ಇಟ್ಟುಬಿಡೋಣ. ನಿಮ್ಮ ಮನೆಯೋರು ಒಳಗೇ ಕೂತಿರಲಿ, ಪರವಾಗಿಲ್ಲ."

"ಕ್ರೇನ್ ನಿಲ್ಲೋಕೆ ಜಾಗ ಇಲ್ಲ ಸಾರ್," ಅಂದರು ಭಾವ, ಆ ಯೋಚನೆಯಲ್ಲಿ ಬೇರೇನೂ ತಪ್ಪಿಲ್ಲವೇನೋ ಅನ್ನುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ಗೋಡೆ ಒಡೆಯುವುದೊಂದೇ ದಾರಿ. ಅದನ್ನು ಅಕ್ಕನಿಗೆ ಹೇಳುವವರು ಯಾರು? ಮೂರು ದಿನದಿಂದ ಅವಳು ಅಡುಗೆಮನೆ ಬಿಟ್ಟು ಹೊರಗೇ ಬಂದಿರಲಿಲ್ಲ. ಕೊನೆಗೆ ಭಾವ ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಬಿಡುವವಳೇ ನಾನು?

"ಏನೇ, ನನಗೊಂದು ಮಾತು ಹೇಳಬಾರದಿತ್ತಾ?" ಅಂದರು ಭಾವ.

"ಕಣ್ಣಿರೋರಿಗೆ ಏನ್ರೀ ಹೇಳೋದು?" ಅಕ್ಕ ತಿರುಗಿಯೂ ನೋಡಲಿಲ್ಲ. "ಮದುವೆಯಾದಾಗಿಂದ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತೇ ಉಂಡಿದೀರಿ. ಒಳಗೆ ಕೂರೋಕೆ ಜಾಗ ಇಲ್ಲ ಅಂತಿದ್ರಿ. ಕೂತು ಉಣ್ಲಿ ಅಂತ ಗೋಡೆ ತಳ್ಳಿಸಿದೆ, ಬೆಂಚು ಹಾಕಿಸಿದೆ. ಅದರ ಮೇಲೆ ಏನಿದೆ ನೋಡಿ."

ಒಲೆಯ ಪಕ್ಕ ಗೋಡೆಗೆ ಅಂಟಿಕೊಂಡು ಒಂದು ಸಣ್ಣ ಬೆಂಚಿತ್ತು. ಅದರ ಮೇಲೆ ಭಾವನ ಹೆಲ್ಮೆಟ್ ಇತ್ತು. ಆರು ವರ್ಷದಿಂದ ಅವರು ಬಂದ ತಕ್ಷಣ ಹೆಲ್ಮೆಟ್ಟನ್ನು ಅಲ್ಲಿಟ್ಟು, ತಟ್ಟೆ ತೆಗೆದುಕೊಂಡು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು.

"ಇದು ಹೆಲ್ಮೆಟ್ಟಿಗೆ ಮಾಡಿಸಿದ್ದು ಅಂದ್ಕೊಂಡಿದ್ದೆ," ಅಂದರು ಭಾವ. ಜೇಬಿನಿಂದ ಟೇಪು ತೆಗೆದು ಬೆಂಚಿನ ಅಗಲ ಹಿಡಿದರು. ಯಾರೂ ಕೇಳದಿದ್ದರೂ ಲೋಡಿನ ಮುಂದೆ ಕೂಗುವ ಹಾಗೆಯೇ, "ಒಂಬತ್ತು ಇಂಚು," ಅಂದರು. ಭಾವನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಅಷ್ಟು ಹೊತ್ತು ಬೈಯಬೇಕು ಅಂತ ಬಾಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ನನಗೆ ಮರೆತೇಹೋಯಿತು.

"ಒಡೀರಿ," ಅಂದಳು ಅಕ್ಕ. "ಆದ್ರೆ ಮೊದಲು ಇಲ್ಲಿ ಕೂತು ಊಟ ಮಾಡಿ."

ಭಾವ ಹೆಲ್ಮೆಟ್ಟನ್ನು ನೆಲಕ್ಕಿಟ್ಟು ಬೆಂಚಿನ ಮೇಲೆ ಕೂತರು. ಕಿಟಕಿಯ ಆಚೆ ಇನ್ನೂರು ಟನ್ ಕಾಯುತ್ತಿತ್ತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಮಾಲೀಕರು ಕಿಟಕಿಯಲ್ಲಿ ಮುಖ ತೂರಿಸಿ, "ಎಷ್ಟು ಹೊತ್ತು ಇಂಚಪ್ಪನವರೇ?" ಅಂದರು.

"ಇನ್ನೊಂದು ಸಲ ಬಡಿಸ್ಬೇಕು," ಅಂದಳು ಅಕ್ಕ, ಕಿಟಕಿ ಮುಚ್ಚುತ್ತಾ.

ಊಟ ಮುಗಿಸಿ, ಕೈ ತೊಳೆದು, ಗೋಡೆಗೆ ಮೊದಲ ಏಟು ಭಾವನೇ ಹಾಕಿದರು. ಲೋಡು ನಾಲ್ಕು ಇಂಚು ಬಿಟ್ಟುಕೊಂಡು ದಾಟಿತು. ಬಟ್ಟೆ ತೆಗೆಯಲು ಮರೆತ ಎದುರು ಮನೆಯಾಕೆ ಅದರ ಹಿಂದೆ ಬಹಳ ದೂರ ಓಡಿದಳು.

ಗೋಡೆಯನ್ನು ಕಂಪನಿಯೇ ಕಟ್ಟಿಸಿಕೊಡಬೇಕು ಅಂತಾಯಿತು. ಮೇಸ್ತ್ರಿ ಬಂದಾಗ ದಾರ ಹಿಡಿದದ್ದು ಭಾವ. ಅಂಗಳದಲ್ಲಿ ತಮ್ಮ ಜಾಗ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೂ ಹಿಡಿದರು. ಹಳೆಯ ಒಂಬತ್ತರ ಜೊತೆಗೆ ಇನ್ನೂ ಒಂಬತ್ತು ಇಂಚು ಸೇರಿತು. ಹೊಸ ಬೆಂಚು ದೊಡ್ಡದು, ಈಗ ಅದರಲ್ಲಿ ಇಬ್ಬರು ಆರಾಮವಾಗಿ ಕೂರಬಹುದು.

ಆ ವಾರ ಅವರ ಹೊಸ ವರದಿ ನನ್ನ ಮೇಜಿಗೆ ಬಂತು. ಈ ಸಲ ಓದಿದೆ. "ಈ ದಾರಿ ಇನ್ನು ಮುಂದೆ ದೊಡ್ಡ ಲೋಡಿಗೆ ಆಗುವುದಿಲ್ಲ. ಇಪ್ಪತ್ತೆರಡು ಕಿಲೋಮೀಟರ್ ಸುತ್ತಿ ಹೋಗತಕ್ಕದ್ದು," ಅಂತ ಬರೆದಿತ್ತು. ತಡೆ ಏನು ಅನ್ನುವ ಕಡೆ "ಅಡುಗೆಮನೆ" ಅಂತಿತ್ತು. ಯಾರದು ಅನ್ನುವ ಕಡೆ, ಬೇರೆಯವರ ಮನೆಗಳಿಗೆಲ್ಲ ಬರೀ ಬಾಗಿಲ ನಂಬರು ಬರೆಯುತ್ತಿದ್ದ ಮನುಷ್ಯ, "ನನ್ನ ಹೆಂಡತಿಯದು, ನಾನೇ ಒಳಗೆ ಹೋಗಿ ಅಳೆದಿದ್ದೇನೆ" ಅಂತ ಬರೆದು ಸಹಿ ಹಾಕಿದ್ದರು.