ರಂಗೂನ್ ಗವಿಸಿದ್ದಪ್ಪ

ಪರದೇಶದಲ್ಲಿ ದುಡಿದು ಗಜೇಂದ್ರಗಡಕ್ಕೆ ಮರಳಿದ ಮುದುಕರು ಐತವಾರಕ್ಕೊಮ್ಮೆ ಶಾಲೆಯಲ್ಲಿ ಕೂಡಿ ಓದು ಕಲಿಯುತ್ತಾರೆ. ಆ ಕೂಟಕ್ಕೆ ಎಲ್ಲರಿಗಿಂತ ಮೊದಲು ಬರುವವನು ರಂಗೂನಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಬಂದ ಗವಿಸಿದ್ದಪ್ಪ. ಚಹಾ ಕುಡಿದರೂ, ಮಳೆ ಬಂದರೂ "ರಂಗೂನ್‌ದಾಗ ಹಿಂಗ ಇದ್ದಿಲ್ರಿ" ಎನ್ನದೆ ಬಿಡುವವನಲ್ಲ. ಬಸಯ್ಯ ಮಾಸ್ತರರು ಗೋಡೆಗೆ ನಕಾಶೆ ತೂಗುಹಾಕಿದಾಗ ಮಾತ್ರ ಆ ಮಾತು ಬಿಟ್ಟು ಎದ್ದು ಅದರ ಬಳಿಗೆ ಹೋಗುತ್ತಾನೆ. ಯುದ್ಧದ ವರ್ಷ ಹೆಂಡತಿಯೊಂದಿಗೆ ರಂಗೂನಿನಿಂದ ನಡೆದು ಹೊರಟ ದಾರಿಯನ್ನು ಬೆರಳಿನಿಂದ ಹಿಡಿದು ಹೊರಟವನು ಗುಡ್ಡಗಳ ನಡುವೆ ನಿಂತುಬಿಡುತ್ತಾನೆ. "ನಮ್ಮಾಕಿ ಚೌಡವ್ವನ್ನ ಇಲ್ಲೇ ಮಣ್ಣು ಮಾಡೀನ್ರಿ. ಈ ಊರಿನ ಹೆಸರೇನ್ರಿ, ಮಾಸ್ತರ?" "ಅಲ್ಲೇನೂ ಹೆಸರಿಲ್ಲಪಾ." ಎರಡು ವರ್ಷ ತಿದ್ದಿ ತಿದ್ದಿ ಅಕ್ಷರ ಕಲಿತ ಮೇಲೆ ಅವನು ಹಾಗೆ ಕೇಳುವುದನ್ನು ಬಿಟ್ಟಿದ್ದಾನೆ. ಕೂಟದ ನಕಾಶೆಯಲ್ಲಿ ಈಗ ಆ ಗುಡ್ಡಗಳ ನಡುವೆ, ಸೀಸದಕಡ್ಡಿಯಲ್ಲಿ ಒತ್ತಿ ಬರೆದ, ಚೌಡವ್ವ ಎಂಬ ಊರೊಂದಿದೆ.